ಸಾಬಣ್ಣ ಕೊಟ್ಟ ಹೇಳಿಕೆ

ಮೇ ತಿಂಗಳ ನಡುಹಗಲು, ಶಹಾಬಾದದ ನೆಲಹಾಸಿನ ಫರ್ಸಿ ಕಲ್ಲುಗಳೆಲ್ಲ ಕಾದ ಹಂಚಿನಂತಾಗಿ ನಾಯಿಗಳು ಕೂಡ ನೆರಳು ಬಿಟ್ಟು ಕದಲದ ಹೊತ್ತಿನಲ್ಲೂ ಸಾಬಣ್ಣ ತುಂಬುತೋಳಿನ ಅಂಗಿ ತೊಟ್ಟು ಕೊರಳ ತನಕ ಗುಂಡಿ ಹಾಕಿಕೊಂಡಿರುತ್ತಿದ್ದ. ಉಳಿದ ಟಂಟಂ ಡ್ರೈವರುಗಳು ಬರೀ ಬನಿಯನ್ನಿನಲ್ಲಿ ಕುಳಿತು ಬೆವರು ಒರೆಸಿಕೊಳ್ಳುತ್ತ, “ಏ ಸಾಬಣ್ಣ, ಲಗ್ನಕ್ಕ ಹೊಂಟೀಯೇನೋ?” ಎಂದು ಕಾಡಿಸುತ್ತಿದ್ದರು. “ಹೌದಪಾ, ದಿನಾ ಲಗ್ನಾನೇ ನಂದು. ನೋಡ್ರಿ, ಎಷ್ಟ್ ಮಂದಿ ಬೀಗರು ಕುಂತಾರ ಗಾಡ್ಯಾಗ,” ಎಂದು ಅವನು ನಮ್ಮನ್ನೆಲ್ಲ ತೋರಿಸಿ ಗಾಡಿ ಶುರು ಮಾಡುತ್ತಿದ್ದ.

ನಾನು ವಾಡಿಯ ಸರ್ಕಾರಿ ದವಾಖಾನೆಯಲ್ಲಿ ನರ್ಸು. ಮನೆ ಶಹಾಬಾದದಲ್ಲಿ. ದಿನವೂ ಬೆಳಿಗ್ಗೆ ವಾಡಿಗೆ ಹೋಗಿ ಸಂಜೆ ಮರಳಿ ಬರುವ ನನಗೆ ಬಸ್ಸಿಗಿಂತ ಟಂಟಮ್ಮೇ ಅನುಕೂಲ. ಟಂಟಂ ಅಂದರೆ ನಮ್ಮ ಕಡೆಯ ಮೂರು ಗಾಲಿಯ ಗಾಡಿ. ಅದರಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂಬುದು ಗಾಡಿ ಮಾಡಿದವನಿಗೂ ಗೊತ್ತಿರಲಿಕ್ಕಿಲ್ಲ. ಮೊದಲ ದಿನ ನಾನು ಸಾಬಣ್ಣನ ಗಾಡಿ ಹತ್ತಲು ಕಾಲಿಟ್ಟಾಗ ಅವನು, “ತಡೀರಿ ಸಿಸ್ಟರಮ್ಮ,” ಎಂದ. ನನ್ನ ಬಿಳಿ ಸೀರೆಯನ್ನು ನೋಡಿಯೇ ಆ ಹೆಸರು ಇಟ್ಟಿದ್ದ. ಹೆಗಲ ಮೇಲಿನ ಕೆಂಪು ಬಟ್ಟೆ ತೆಗೆದು ಸೀಟಿನ ಮೇಲಿನ ಧೂಳನ್ನು ಝಾಡಿಸಿ ಒರೆಸಿದ. ಕಲ್ಲಿನ ಪುಡಿ, ಸಿಮೆಂಟಿನ ಪುಡಿ ಎರಡೂ ಬೀಳುವ ಊರು ನಮ್ಮದು. ಒರೆಸಿದ್ದು ಮುಂದಿನ ತಿರುವಿಗೇ ಮತ್ತೆ ಬಿಳಿಯಾಗುತ್ತಿತ್ತು. ಆದರೂ ಅವನು ಒರೆಸುವುದನ್ನು ಒಂದು ದಿನವೂ ಬಿಡಲಿಲ್ಲ.

“ಹತ್ತಿದವರು ಹತ್ತಿದಂಗ ಇಳೀಬೇಕ್ರಿ. ಅಷ್ಟೇ ನಮ್ಮ ಧರ್ಮ,” ಅನ್ನುತ್ತಿದ್ದ.

ಸಣ್ಣ ಮೈ, ಕುಳ್ಳ ಆಳು. ದನಿ ಸ್ವಲ್ಪ ಗೊಗ್ಗರು. ತಲೆಗೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಮೋಟು ಕೂದಲು. ಮೂಲಂಗಿ, ಮೆಂತ್ಯೆಯ ಗಂಟು ಹೊತ್ತು ಬರುವ ಹೆಂಗಸರು ಬೇರೆ ಗಾಡಿ ಖಾಲಿ ನಿಂತಿದ್ದರೂ ಸಾಬಣ್ಣನ ಪಾಳಿ ಬರಲೆಂದು ಕಾಯುತ್ತಿದ್ದರು. ಹಿಂದೆ ಜಾಗವಿಲ್ಲದಿದ್ದರೆ ಅವನ ಪಕ್ಕದಲ್ಲಿ ಮುಂದೆಯೇ ಕೂರುತ್ತಿದ್ದರು. ನಮ್ಮ ಕಡೆ ಹೆಂಗಸರು ಡ್ರೈವರನ ಪಕ್ಕ ಕೂರುವುದು ಸಣ್ಣ ಮಾತಲ್ಲ. ಅವನು ತಾನು ಅರ್ಧ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ ಕುಳಿತು ಅವರಿಗೆ ಜಾಗ ಬಿಡುತ್ತಿದ್ದ.

ಸಾಬಣ್ಣ ಹುಟ್ಟಿದಾಗ ಅವನ ಊರಾದ ಭಂಕೂರಿನಲ್ಲಿ ಸಾಬಮ್ಮ ಎಂದು ಬರೆಸಿದ್ದರು ಎಂಬುದು ಆ ದಾರಿಯ ಮೇಲಿನ ಎಲ್ಲರಿಗೂ ಗೊತ್ತಿತ್ತು. ನನಗೂ ಯಾರೋ ಪಕ್ಕದಲ್ಲಿ ಕುಳಿತವರು ಕಿವಿಯಲ್ಲಿ ಹೇಳಿದರು. ನಾನು ಮುಂದಿದ್ದ ಅವನ ಬೆನ್ನನ್ನು ನೋಡಿದೆ. ಅವನು ಗಾಡಿ ಓಡಿಸುತ್ತಿದ್ದ. ಅಷ್ಟೇ. ಒಮ್ಮೆ ಚಿಂಚೋಳಿ ಕಡೆಯ ಒಬ್ಬ ಮುದುಕಿ, ಹೊಸಬಳು, ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿಯೇಬಿಟ್ಟಳು: “ಏನಪಾ, ನೀ ಹೆಣ್ಣೇನು, ಗಂಡೇನು?”

ಸಾಬಣ್ಣ ಹಿಂದಿರುಗಿ ನೋಡದೆ, “ನಾ ಡ್ರೈವರ್ ಇದ್ದೀನ್ರಿ ಅಮ್ಮ. ಎಲ್ಲಿ ಇಳೀತೀರಿ ಹೇಳ್ರಿ,” ಎಂದ. ಮುದುಕಿಯೇ ಮೊದಲು ನಕ್ಕಳು.

ಅವನ ತಾಯಿ ಮಲ್ಲಮ್ಮ ಕಲ್ಲಿನ ಖಣಿಯಲ್ಲಿ ಫರ್ಸಿ ಹೊತ್ತು ಲಾರಿ ತುಂಬುತ್ತಿದ್ದವಳು. ಕೈಗಳು ಕಲ್ಲಿನ ಬಣ್ಣಕ್ಕೇ ತಿರುಗಿದ್ದವು. ಬೆನ್ನುನೋವಿನ ಗುಳಿಗೆಗೆ ದವಾಖಾನೆಗೆ ಬಂದಾಗಲೆಲ್ಲ ನನ್ನ ಹತ್ತಿರ ಕೂರುತ್ತಿದ್ದಳು. ಮಗನ ಬಗ್ಗೆ ಅವಳು ಮಾತಾಡುವ ರೀತಿಯೇ ಒಂದು ಜಾಣತನ. ಮಗ ಅನ್ನುತ್ತಿರಲಿಲ್ಲ, ಮಗಳೂ ಅನ್ನುತ್ತಿರಲಿಲ್ಲ. “ನಮ್ಮ ಕೂಸು ಮುಂಜಾನೆ ಹೋಗ್ಯದ, ಇನ್ನೂ ಬಂದಿಲ್ಲ,” ಅನ್ನುತ್ತಿದ್ದಳು. ಸಾಬಣ್ಣನೇ ನನಗೆ ಹೇಳಿದ್ದು: ಮೈನೆರೆದ ವರ್ಷ ಅವನು ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ ತನ್ನ ಉದ್ದ ಜಡೆಯನ್ನು ಕತ್ತರಿಸಿ ದನದ ಕೊಟ್ಟಿಗೆಯ ಹಿಂದೆ ಬಿಸಾಡಿದ್ದ. ತಾಯಿ ಕೈಗೆ ಸಿಕ್ಕ ಕಟ್ಟಿಗೆಯಿಂದ ಹೊಡೆದಳು. ಹೊಡೆದು ದಣಿದು ಕುಳಿತು ಅತ್ತಳು. ಸಂಜೆ ಅವನನ್ನು ಕಾಲ ಮೇಲೆ ಮಲಗಿಸಿಕೊಂಡು, ಕತ್ತರಿ ತಾಗಿ ಗಾಯವಾದ ತಲೆಗೆ ಎಣ್ಣೆ ಹಚ್ಚಿದಳು.

“ಹೊಡದಾಕೀನೂ ಅಕೀನೇ, ಎಣ್ಣಿ ಹಚ್ಚಿದಾಕೀನೂ ಅಕೀನೇ ರೀ ಸಿಸ್ಟರಮ್ಮ. ಅವತ್ತಿಂದ ಒಂದಿನಾನೂ ಕೂದಲ ಬಗ್ಗೆ ಕೇಳಿಲ್ಲ ನಮ್ಮವ್ವ.”

ಇಂಥವನ ಮೇಲೆ ವಾಡಿ ಸ್ಟೇಷನ್ನಿನ ಎದುರು, ಇನ್ನೂ ಬಿಸಿಲಿದ್ದ ಒಂದು ಸಂಜೆ, ಇಬ್ಬರು ಹುಡುಗರು ಕೈ ಮಾಡಿದರು. ಅವರೂ ಅದೇ ದಾರಿಯಲ್ಲಿ ಗಾಡಿ ಓಡಿಸುತ್ತಿದ್ದವರು. ರೈಲಿನಿಂದ ಇಳಿದ ಹೆಂಗಸರು ಗಂಟುಮೂಟೆ ಸಮೇತ ಇವನ ಗಾಡಿಯ ಕಡೆಗೇ ನಡೆದರಂತೆ. ಅದು ಒಂದು ನೆಪ. ಸಿಟ್ಟು ಬಹಳ ದಿನದ್ದು. “ಏ ಸಾಬಮ್ಮ, ಗಂಡಸಿನಗತೆ ಮೆರೀತಿ. ಇವತ್ತ ನೋಡೇಬಿಡೋಣು ಒಳಗ ಏನದಂತ,” ಎಂದು ಒಬ್ಬ ಹಿಂದಿನಿಂದ ತೋಳು ತಿರುವಿ ಹಿಡಿದ. ಇನ್ನೊಬ್ಬ ಕೊರಳಿಗೆ ಕೈ ಹಾಕಿ ಅಂಗಿ ಎಳೆದ. ಗುಂಡಿಗಳು ಕಿತ್ತು ಬಿದ್ದವು. ಸಾಬಣ್ಣ ಮೈ ಮುಚ್ಚಿಕೊಳ್ಳಲು ಬಾಗಿದಾಗ ಜಾಕಿನ ರಾಡಿನಿಂದ ತೋಳಿಗೆ ಬಿತ್ತು. ಸುತ್ತ ಜನ ನಿಂತಿದ್ದರು. ಕೆಲವರ ಕೈಯಲ್ಲಿ ಮೊಬೈಲು ಇತ್ತು. ಕಡೆಗೆ ಬಾರೆಹಣ್ಣು ಮಾರುವ ಮುದುಕಿಯೊಬ್ಬಳು ಬುಟ್ಟಿಯ ಮೇಲೆ ಹೊದಿಸಿದ್ದ ಗೋಣಿತಟ್ಟನ್ನು ಎಳೆದು, ಇಬ್ಬರನ್ನೂ ಬಾಯಿಗೆ ಬಂದಂತೆ ಬಯ್ಯುತ್ತ ನುಗ್ಗಿ ಅವನ ಮೈಮೇಲೆ ಹಾಕಿದಳು.

ಅವನನ್ನು ದವಾಖಾನೆಗೆ ತಂದಾಗ ನಾನೇ ಡ್ಯೂಟಿಯಲ್ಲಿದ್ದೆ. ತೋಳಿನ ಗಾಯ ಬಾಯಿ ಬಿಟ್ಟಿತ್ತು. ರಕ್ತ ಬೆರಳ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಆದರೆ ಅವನ ಎರಡೂ ಕೈಗಳು ಗೋಣಿತಟ್ಟನ್ನು ಎದೆಗೆ ಒತ್ತಿ ಹಿಡಿದಿದ್ದವು. ನಾನು ಕೈ ಬಿಡಿಸಲು ಹೋದೆ. ಬಿಡಲಿಲ್ಲ.

“ಸಿಸ್ಟರಮ್ಮ, ಮೊದಲ ಒಂದ್ ಅಂಗಿ ಕೊಡ್ರಿ. ಆಮ್ಯಾಲ ಹೊಲೀರಿ.”

ನಾನು ವಾರ್ಡಿನ ಕೆಲಸದವನ ಅಂಗಿ ತಂದುಕೊಟ್ಟು, ಪರದೆ ಎಳೆದು ಬೆನ್ನು ತಿರುಗಿಸಿ ನಿಂತೆ. ಮುರಿಯುವಷ್ಟು ನೋಯುತ್ತಿದ್ದ ತೋಳಿನಲ್ಲಿ ಅವನು ಆ ಅಂಗಿ ಹಾಕಿಕೊಂಡು ಗುಂಡಿ ಹಾಕುವವರೆಗೆ ಡಾಕ್ಟರೂ ಕಾದರು. ಆಮೇಲೆ ಆ ಒಂದು ಕೈಯ ಅಂಗಿತೋಳನ್ನಷ್ಟೇ ಮೇಲಕ್ಕೆ ಮಡಚಿ ಕೈಯನ್ನು ನಮ್ಮ ಮುಂದೆ ಚಾಚಿದ.

ಅಲ್ಲಿಗೇ ಬಂದ ಪೊಲೀಸ್ ಸಾಹೇಬರು ಕೆಟ್ಟವರಲ್ಲ. ನಿಜ ಹೇಳಬೇಕೆಂದರೆ ಅವರಿಗೆ ಆ ಹುಡುಗರ ಮೇಲೆ ಕಡುಕೋಪ ಬಂದಿತ್ತು. ಸಾಬಣ್ಣನ ಗುರುತಿನ ಚೀಟಿ ನೋಡಿದರು. ಅದರಲ್ಲಿ ಸಾಬಮ್ಮ, ಹೆಣ್ಣು ಎಂದೇ ಇತ್ತು. “ಹೆಣ್ಮಗಳ ಬಟ್ಟಿ ಮ್ಯಾಲ ಕೈ ಹಾಕ್ಯಾರ. ಭಾರಿ ಕಲಮು ಅದ ಇದಕ್ಕ. ಏಳು ವರ್ಷದ ತನಕ ಒಳಗ ಕೊಳೀತಾರ ಮಕ್ಕಳು,” ಎಂದು ಬರೆಯತೊಡಗಿದರು.

ಸಾಬಣ್ಣ ಓದಿಸಿ ಕೇಳಿದ. ಕೇಳಿ, “ಇದನ್ನ ತಿದ್ರಿ ಸಾಹೇಬ್ರ. ನಾ ಹೆಣ್ಮಗಳಲ್ಲ,” ಎಂದ.

“ಏ, ನಿನ್ನ ಒಳ್ಳೇದಕ್ಕೇ ಬರೀಲಿಕತ್ತೀನಪಾ!”

“ಖರೇ ಅದ ರೀ. ಆದ್ರ ನಾ ಅಲ್ಲದ್ದನ್ನ ಬರದ್ರ ಹ್ಯಾಂಗ ಸಹಿ ಮಾಡ್ಲಿ?”

ಸಾಹೇಬರು ತಲೆ ಕೆರೆದುಕೊಂಡರು. ಕೊನೆಗೆ ತೃತೀಯ ಲಿಂಗಿಗಳ ರಕ್ಷಣೆಯ ಕಾಯ್ದೆಯ ಕಲಮನ್ನೂ ಸೇರಿಸಿ, ಎರಡನ್ನೂ ಬರೆದು, ಯಾವುದು ನಿಲ್ಲುತ್ತದೋ ಕೋರ್ಟು ನೋಡಿಕೊಳ್ಳಲಿ ಎಂದು ಬಿಟ್ಟರು. ಸಾಬಣ್ಣ ಹೇಳಿದ್ದನ್ನು ಹೇಳಿದಂತೆಯೇ ಬರೆದ ಮೇಲೆ ಸಹಿ ಬಿತ್ತು.

ಆ ಎರಡು ಕಲಮುಗಳ ನಡುವಿನ ಅಂತರ ನಮಗೆಲ್ಲ ತಿಳಿದದ್ದು ಆಮೇಲೆ. ಚಿತ್ತಾಪುರದ ಸುಜಾತಾ ಎಂಬ ವಕೀಲೆ ಸರ್ಕಾರಿ ವಕೀಲರಿಗೆ ನೆರವಾಗಲು ತಾವಾಗಿಯೇ ಮುಂದೆ ಬಂದಿದ್ದರು. ಚುರುಕು ಹೆಣ್ಣುಮಗಳು. ಡ್ರೆಸಿಂಗ್ ಬದಲಿಸಲು ನಾನು ಭಂಕೂರಿನ ಮನೆಗೆ ಹೋಗಿದ್ದ ದಿನ ಅವರೂ ಬಂದಿದ್ದರು. ಮಲ್ಲಮ್ಮ ಕೊಟ್ಟ ಚಹಾ ಹಿಡಿದು ನಿಧಾನವಾಗಿ ಬಿಡಿಸಿ ಹೇಳಿದರು. ಹೆಣ್ಣಿನ ಬಟ್ಟೆ ಎಳೆದರೆ ಕನಿಷ್ಠ ಮೂರು ವರ್ಷ, ಏಳರ ತನಕ ಹೋಗಬಹುದು. ಇನ್ನೊಂದು ಕಾಯ್ದೆಯಲ್ಲಿ ಅದೇ ಕೃತ್ಯಕ್ಕೆ ಎರಡು ವರ್ಷದ ಮೇಲೆ ಶಿಕ್ಷೆಯೇ ಇಲ್ಲ, ಆರು ತಿಂಗಳಿಗೂ ಮುಗಿಯಬಹುದು.

“ಅದೇ ಅಂಗಿ, ಅದೇ ಕೈ,” ಎಂದೆ ನಾನು. ನನಗೆ ನಂಬಲಾಗಲಿಲ್ಲ.

“ಅದೇ ಅಂಗಿ, ಅದೇ ಕೈ ರೀ. ಕಾನೂನು ಹಂಗದ,” ಎಂದರು ಸುಜಾತಾ. ಸಾಬಣ್ಣನ ಕಡೆ ತಿರುಗಿದರು. “ನೋಡಪಾ, ನಿನ್ನ ಮನಸಿನಾಗ ನೀ ಏನಿದ್ದೀಯೋ ಅದ್ಯಾರೂ ಕಸಗೊಳ್ಳಲ್ಲ. ಕೋರ್ಟಿನ್ಯಾಗ ಒಂದ್ಸಲ, ಒಂದೇ ಸಲ, ಹುಟ್ಟಿದ್ದು ಹೆಣ್ಣಾಗಿ, ಕಾಗದದಾಗೂ ಹೆಣ್ಣು ಅಂತ ಹೇಳಿ ಸುಮ್ಮನಾಗು. ಉಳಿದಿದ್ದು ನಾ ನೋಡ್ಕೊಂತೀನಿ.”

ಸಾಬಣ್ಣ ಬ್ಯಾಂಡೇಜಿನ ತುದಿಯನ್ನು ಬೆರಳಿನಿಂದ ಸರಿಪಡಿಸುತ್ತ ಕುಳಿತ.

ಈ ಸುದ್ದಿ ಆ ಹುಡುಗರ ಮನೆಗೂ ಮುಟ್ಟಿತು. ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ಅಷ್ಟು ವರ್ಷ ಅವನನ್ನು ಬೆನ್ನ ಹಿಂದೆ ಸಾಬಮ್ಮ ಎಂದು ಹಂಗಿಸಿದ ಜನಕ್ಕೆ ಏಕಾಏಕಿ ಅವನ ಗಂಡಸುತನದ ಮೇಲೆ ಭಾರಿ ಗೌರವ ಬಂತು! ಒಬ್ಬ ಹುಡುಗನ ಸೋದರಮಾವ, ಊರಲ್ಲಿ ನಾಲ್ಕು ಮಂದಿ ಮಾತು ಕೇಳುವ ಹಿರಿಯ, ಭಂಕೂರಿನ ಮನೆಯ ಬಾಗಿಲಿಗೆ ಬಂದು ನಿಂತು, “ಸಾಬಣ್ಣನವರ ಇದ್ದಾರೇನ್ರಿ?” ಎಂದು ಕೇಳಿದ. ಒಳಗೆ ಕುಳಿತ ಮೇಲೆ, “ಏನಪಾ ಸಾಬಣ್ಣ, ನೀ ಗಂಡು ಅನ್ನೋದು ಊರಿಗೆಲ್ಲ ಗೊತ್ತದ. ಗಂಡಸು ಗಂಡಸು ಜಗಳ ಆಡ್ಯಾರ, ಆಗ್ತದ. ಕೋರ್ಟಿನ್ಯಾಗೂ ಗಂಡಸಿನಗತೆ ಎದಿ ತಟ್ಟಿ ಹೇಳು ನಾ ಗಂಡಸು ಅಂತ,” ಎಂದ.

ಇದನ್ನು ನನಗೆ ಹೇಳಿದವಳು ಮಲ್ಲಮ್ಮ. ಅವನನ್ನು ಗಂಡು ಎಂದು ಕರೆಯಲು ವೈರಿಗಳು ಸಾಲುಗಟ್ಟಿದ್ದರು. ಒಂದು ದಿನದ ಮಟ್ಟಿಗೆ ಹೆಣ್ಣಾಗು ಎಂದು ಅಂಗಲಾಚಲು ನಾವು, ಅವನ ಒಳ್ಳೆಯದು ಬಯಸಿದವರೆಲ್ಲ, ಸಾಲುಗಟ್ಟಿದ್ದೆವು. ಅವನ ಗಾಡಿಯ ಕಾಯಿಪಲ್ಲೆಯ ಹೆಂಗಸರು ಹೇಳಿದರು. ಸುಜಾತಾ ಹೇಳಿದರು. ನಾನೂ ಹೇಳಿದೆ. ಕೊನೆಗೆ ಕೋರ್ಟಿನ ಹಿಂದಿನ ದಿನ ಅವನ ತಾಯಿ, ನನ್ನ ಎದುರಿಗೇ, ಜೋಳದ ಹಿಟ್ಟು ಮೆತ್ತಿದ ಕೈಗಳಿಂದ ಅವನ ಗದ್ದ ಹಿಡಿದು ಕೇಳಿದಳು.

“ಎಪ್ಪಾ, ನಾ ನಿನಗ ಎಂದೂ ಏನೂ ಕೇಳಿಲ್ಲ. ಒಂದಿನ, ಒಂದ್ ತಾಸು ನನ್ನ ಮಗಳಾಗು. ಹಡದಾಕಿ ಸಲವಾಗಿ ಆಗು. ಅವರು ಹೊರಗ ತಿರುಗ್ಯಾಡೋದು ನೋಡ್ಕೋತ ನಾ ಹ್ಯಾಂಗ ನಿನ್ನ ಗಾಡಿ ಹೊಡೀಲಾಕ ಕಳಿಸ್ಲಿ?”

ಸಾಬಣ್ಣನ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೊಂದೇ ಸಲ. ತಾಯಿಯ ಕೈಯನ್ನು ಗದ್ದದಿಂದ ತೆಗೆದು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

“ಯವ್ವಾ, ಅವರು ನನ್ನ ಅಂಗಿ ಯಾಕ ಹರದ್ರು? ನಾಕು ಮಂದ್ಯಾಗ ನಾ ಹೆಣ್ಣು ಅಂತ ತೋರಸಲಾಕ. ಅವರ ಕೈಲಿ ಆಗ್ಲಿಲ್ಲ, ಮುದುಕಿ ತಟ್ಟು ಹಾಕಿದ್ಳು. ಈಗ ನಾನೇ ಹೋಗಿ ಕೋರ್ಟಿನ್ಯಾಗ ನಿಂತು ಅದನ್ನೇ ಹೇಳ್ಲಿ? ಅವರು ಅಂಗಿ ಹರದು ಹೇಳ್ಬೇಕಂದದ್ದು ನಾ ಬಾಯಿಲೆ ಹೇಳ್ಲಿ? ಹೇಳು, ನೀನೇ ಹೇಳು, ಹಂಗ ಮಾಡಂದ್ರ ಮಾಡ್ತೀನಿ.”

ಮಲ್ಲಮ್ಮ ಬಹಳ ಹೊತ್ತು ಅವನ ಮುಖ ನೋಡಿದಳು. ಎದ್ದು ಒಲೆಯ ಮುಂದೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಮರುದಿನ ನಾನು ರಜೆ ಹಾಕಿ ಚಿತ್ತಾಪುರಕ್ಕೆ ಹೋದೆ. ಸಾಕ್ಷಿ ಹೇಳಬೇಕಾದವರು ನಮ್ಮ ಡಾಕ್ಟರು, ನಾನಲ್ಲ. ಹಾಗಾಗಿ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಮಲ್ಲಮ್ಮನ ಪಕ್ಕ ಕೂರಲು ನನಗೆ ಅಡ್ಡಿ ಇರಲಿಲ್ಲ. ಫ್ಯಾನಿನ ಕೆಳಗೆ ಆ ಇಬ್ಬರು ಹುಡುಗರು ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದರು. ಸಾಬಣ್ಣ ಕಟಕಟೆ ಹತ್ತಿದ. ಹೆಸರು ಕೇಳಿದರು.

“ಸಾಬಣ್ಣ ರೀ. ಕಾಗದದಾಗ ಸಾಬಮ್ಮ ಅಂತದ.”

ನ್ಯಾಯಾಧೀಶರು ಮೈಸೂರು ಕಡೆಯವರೆಂದು ಕಾಣುತ್ತದೆ, ಮೆಲುದನಿಯ ಹಿರಿಯರು. ಬರೆಯುತ್ತಿದ್ದವರು ತಲೆ ಎತ್ತಿದರು. “ನೀವು ಹೆಣ್ಣೋ, ಗಂಡೋ? ಅವಸರ ಬೇಡ, ಸಮಾಧಾನವಾಗಿ ಯೋಚನೆ ಮಾಡಿ ಹೇಳಿ. ಈ ಉತ್ತರದಿಂದ ಏನಾಗುತ್ತದೆ ಅಂತ ನಿಮ್ಮ ವಕೀಲರು ತಿಳಿಸಿದ್ದಾರಾ?”

“ತಿಳಿಸ್ಯಾರ ರೀ.”

“ತಿಳಿದೂ ಹೇಳುತ್ತೀರಾ?”

“ಹೌದ್ರಿ. ನಾ ಗಂಡಸು. ಹುಟ್ಟಿದಾಗ ಹುಡುಗಿ ಅಂತ ಬರಸ್ಯಾರ. ಬರಸಿದವರ್ದು ತಪ್ಪಲ್ಲ, ಅವರಿಗಿ ಕಂಡಿದ್ದು ಅವರು ಬರಸ್ಯಾರ. ನನಗ ತಿಳದಾಗಿಂದ ನಾ ಹಿಂಗೇ ಇದ್ದೀನಿ.”

ಸುಜಾತಾ ಕಣ್ಣು ಮುಚ್ಚಿಕೊಂಡರು. ಆ ಹುಡುಗರ ಮುಖದಲ್ಲಿ ನಗು ಮೂಡಿತು. ಏಳು ವರ್ಷದ ಕಲಮು ಅಲ್ಲಿಗೆ ಬಿತ್ತು. ಬಿದ್ದದ್ದನ್ನು ಕೋರ್ಟಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದವನು ಕಟಕಟೆಯಲ್ಲಿ ನಿಂತಿದ್ದ.

ಆಗ ಹುಡುಗರ ಕಡೆಯ ವಕೀಲರು ಎದ್ದರು. ಅದುವರೆಗೆ ಅವರೂ ಸಾಬಣ್ಣನವರೇ, ಸಾಬಣ್ಣನವರೇ ಅನ್ನುತ್ತಿದ್ದವರು. ದೊಡ್ಡ ಕಲಮು ಬಿದ್ದ ಮೇಲೆ ಅವರ ದನಿ ಬದಲಾಯಿತು. ಈಗ ಸಣ್ಣ ಕಲಮನ್ನೂ ಬೀಳಿಸಬೇಕಿತ್ತು.

“ಹೆಣ್ಣಲ್ಲ ಅಂತ ನೀವೇ ಹೇಳಿದಿರಿ. ಗಂಡಸು ಅನ್ನಲಿಕ್ಕೆ ನಿಮ್ಮ ಗುರುತಿನ ಚೀಟಿ ಒಪ್ಪುವುದಿಲ್ಲ. ತೃತೀಯ ಲಿಂಗಿ ಅನ್ನಲಿಕ್ಕೆ ಜಿಲ್ಲಾಧಿಕಾರಿಯವರ ಪ್ರಮಾಣಪತ್ರ ಇದೆಯಾ?”

“ಇಲ್ಲ ರೀ.”

“ಅದೂ ಇಲ್ಲ! ಹೆಣ್ಣಲ್ಲ, ಕಾಗದದ ಪ್ರಕಾರ ಗಂಡಲ್ಲ, ತೃತೀಯ ಲಿಂಗಿ ಅನ್ನಲು ಪತ್ರ ಇಲ್ಲ. ಹಾಗಾದರೆ ಈ ಕೋರ್ಟಿನ ಮುಂದೆ ನಿಂತಿರುವ ನೀವು ಯಾರು?”

ಅಂಥ ಪ್ರಶ್ನೆಯನ್ನು ಮನುಷ್ಯನಿಗೆ ಕೇಳಬಹುದು ಎಂದು ನಾನು ಎಣಿಸಿರಲಿಲ್ಲ. ಮಲ್ಲಮ್ಮ ನನ್ನ ಮೊಣಕೈ ಹಿಡಿದುಕೊಂಡಳು, ಅವಳ ಉಗುರು ಚರ್ಮಕ್ಕೆ ಇಳಿಯುತ್ತಿತ್ತು. ಸಾಬಣ್ಣ ವಕೀಲರನ್ನು ನೋಡಲಿಲ್ಲ. ಫ್ಯಾನಿನ ಕೆಳಗೆ ನಿಂತಿದ್ದ ಇಬ್ಬರ ಕಡೆ ನೋಡಿದ.

“ಅವರಿಗಿ ಕೇಳ್ರಿ ನಾ ಯಾರಂತ. ಅವರಿಗಿ ಗೊತ್ತಿತ್ತು. ಸ್ಟೇಷನ್ ಮುಂದ ಅಷ್ಟ್ ಮಂದಿ ಡ್ರೈವರ್ ನಿಂತಿದ್ರು, ಯಾರ ಅಂಗೀನೂ ಹರೀಲಿಲ್ಲ, ನಂದೇ ಹರದ್ರು. ನನ್ನ ಹತ್ರ ಪತ್ರ ಅದನೋ ಇಲ್ಲೋ ಅಂತ ಕೇಳಿ ಹರೀಲಿಲ್ಲ ರೀ. ಹೊಡೀಬೇಕಾದ್ರ ನಾ ಯಾರು ಅಂತ ಅವರಿಗಿ ಬರೋಬ್ಬರಿ ಗೊತ್ತಿತ್ತು. ಈಗ ಶಿಕ್ಷಾ ಆಗೋ ಹೊತ್ತಿನ್ಯಾಗ ನನಗ ಕೇಳ್ತೀರಿ, ನೀ ಯಾರು ಅಂತ.”

ದನಿ ಏರಿಸಿರಲಿಲ್ಲ. ಎಲ್ಲಿ ಇಳೀತೀರಿ ಎಂದು ಕೇಳುವ ದನಿಯೇ. ನ್ಯಾಯಾಧೀಶರು ಲೇಖನಿ ಕೆಳಗಿಟ್ಟರು. ಆಮೇಲೆ, “ಆ ಮಾತನ್ನು ಅವರ ಬಾಯಲ್ಲಿ ಬಂದಹಾಗೆಯೇ ಬರೆದುಕೊಳ್ಳಿ,” ಎಂದು ಟೈಪಿಸ್ಟಿಗೆ ಹೇಳಿದರು. ವಕೀಲರು ಇನ್ನೇನೂ ಕೇಳದೆ ಕುಳಿತರು. ನನ್ನ ಎರಡೂ ಕೈಗಳು ಮಡಿಲಲ್ಲಿ ಜೋಡಿಸಿಕೊಂಡಿದ್ದವು, ದೇವರ ಮುಂದೆ ಕುಳಿತವರ ಹಾಗೆ. ಎಷ್ಟು ಹೊತ್ತಿನಿಂದ ಹಾಗಿದ್ದವೋ ನನಗೇ ತಿಳಿಯದು.

ಹೊರಗೆ ಬಂದಾಗ ಅವನ ತುಟಿ ಒಣಗಿ ಬಿಳಿಯಾಗಿತ್ತು. ಮಲ್ಲಮ್ಮ ಜನರನ್ನು ಸರಿಸಿಕೊಂಡು ಚಹಾದ ಅಂಗಡಿಗೆ ಓಡಿ, ಗಟ್ಟಿಯಾಗಿ ಕೂಗಿದಳು: “ಏ ಯಪ್ಪಾ, ಜಲ್ದಿ ಒಂದ್ ಚರಗಿ ನೀರ್ ಕೊಡೋ. ನನ್ನ ಮಗ ಮುಂಜಾನಿಂದ ಏನೂ ತಿಂದಿಲ್ಲ, ನಿಂತೇ ನಿಂತಾನ.” ಸಾಬಣ್ಣ ಅವಳ ಕಡೆ ನೋಡಿದ. ಅವಳು ತಾನು ಏನು ಅಂದೆನೆಂಬುದರ ಪರಿವೆಯೇ ಇಲ್ಲದೆ ನೀರು ತರುವ ಗಡಿಬಿಡಿಯಲ್ಲಿದ್ದಳು.

ತೀರ್ಪು ಬರಲು ಮತ್ತೆ ಕೆಲವು ತಿಂಗಳು ಹಿಡಿಯಿತು. ಪತ್ರವಿಲ್ಲ ಎಂಬ ವಾದವನ್ನು ನ್ಯಾಯಾಧೀಶರು ಒಪ್ಪಲಿಲ್ಲ. ತೃತೀಯ ಲಿಂಗಿ ಎಂದರೆ ಹುಟ್ಟಿದಾಗ ಬರೆದದ್ದಕ್ಕೂ ತಾನು ಇರುವುದಕ್ಕೂ ಹೊಂದದ ವ್ಯಕ್ತಿ ಎಂದು ಕಾಯ್ದೆ ಹೇಳುತ್ತದೆ, ಪತ್ರ ಕೈಗೆ ಬಂದ ಮೇಲೆ ಮಾತ್ರ ವ್ಯಕ್ತಿ ಎಂದು ಹೇಳುವುದಿಲ್ಲ ಎಂದರು. ಇಬ್ಬರೂ ತಪ್ಪಿತಸ್ಥರು. ಶಿಕ್ಷೆ ಒಂದೂವರೆ ವರ್ಷ. ಈ ಕಲಮು ಇದಕ್ಕಿಂತ ಬಹಳ ಮುಂದೆ ಹೋಗಲು ತಮಗೆ ದಾರಿ ಕೊಡುವುದಿಲ್ಲ ಎಂಬ ಒಂದು ಸಾಲನ್ನು ಅವರು ಓದಿದಾಗ ಅವರ ದನಿಯಲ್ಲಿ ಸಂಕೋಚವಿತ್ತು ಎಂದು ನನಗೆ ಅನ್ನಿಸಿತು. ತೀರ್ಪಿನ ಉದ್ದಕ್ಕೂ ಅವನನ್ನು ಸಾಬಣ್ಣ ಎಂದೇ ಕರೆದಿದ್ದರು.

ಹುಡುಗರು ಮೇಲಿನ ಕೋರ್ಟಿಗೆ ಅಪೀಲು ಹೋಗುತ್ತೇವೆಂದು ಅದೇ ದಿನ ಜಾಮೀನು ಪಡೆದರು. ಸಂಜೆ ಕೋರ್ಟಿನ ಎದುರಿನ ಹೋಟೆಲಿನಲ್ಲಿ ತಮ್ಮ ಮಂದಿಯ ಜತೆ ಮಿರ್ಚಿ ಭಜಿ ತಿನ್ನುತ್ತ ನಗುತ್ತಿದ್ದುದನ್ನು ನಾವು ರಸ್ತೆಯ ಈಚೆಯಿಂದ ನೋಡಿದೆವು. ಸುಜಾತಾ ಸಿಟ್ಟಿನಿಂದ ಕಣ್ಣೊರೆಸಿಕೊಂಡರು. “ತಿನ್ನಲಿ ಬಿಡ್ರಿ ಮೇಡಂ,” ಎಂದ ಸಾಬಣ್ಣ. “ಮುಂಜಾನಿಂದ ಅಂಜಿ ಕುಂತಿದ್ರು, ಹಸದಾರ.”

ಮರುದಿನ ಬೆಳಿಗ್ಗೆ ಅವನ ಗಾಡಿ ಶಹಾಬಾದದ ಸ್ಟ್ಯಾಂಡಿನಲ್ಲಿ, ಪಾಳಿಯಲ್ಲಿ ನಿಂತಿತ್ತು. ಆ ಇಬ್ಬರ ಗಾಡಿಯೂ ಅಲ್ಲೇ ಹಿಂದೆ ನಿಂತಿತ್ತು. ಮುಂದಿನ ಗಾಡಿ ಹೊರಟಾಗ ಅವರಲ್ಲಿ ಒಬ್ಬ ತನ್ನ ಗಾಡಿಯನ್ನು ಅಡ್ಡ ತಂದು ನಿಲ್ಲಿಸಿದ. ಸಾಬಣ್ಣ ಹಾರ್ನ್ ಹೊಡೆಯಲಿಲ್ಲ, ಇಳಿಯಲಿಲ್ಲ, ಸುಮ್ಮನೆ ಕುಳಿತ. ನಮ್ಮ ಕಾಯಿಪಲ್ಲೆಯ ಹೆಂಗಸರು ಒಬ್ಬೊಬ್ಬರಾಗಿ ಆ ಅಡ್ಡ ಗಾಡಿಯನ್ನು ಸುತ್ತಿ ಬಂದು ಇವನ ಗಾಡಿ ಹತ್ತಿದರು. ಗಾಡಿ ತುಂಬಿತು. ಕೊನೆಗೆ ಸ್ಟ್ಯಾಂಡಿನ ಹಿರಿಯ ಡ್ರೈವರೊಬ್ಬ ಬೀಡಿ ಎಸೆದು, “ಏ, ಅಂವನ ಪಾಳಿ ಅದ. ತಗೀ ಗಾಡಿ,” ಎಂದ. ಅಡ್ಡ ನಿಂತ ಗಾಡಿ ಹಿಂದೆ ಸರಿಯಿತು.

ಎಷ್ಟೋ ದಿನ ಹೀಗೆಯೇ ನಡೆಯಿತು. ಆಮೇಲೆ ಮಲ್ಲಮ್ಮನ ಬೆನ್ನು ಕಲ್ಲು ಹೊರಲು ಒಪ್ಪದಾಯಿತು. ಅವಳ ತವರು ಸೇಡಂ ತಾಲೂಕಿನ ಕುರಕುಂಟಾ. ಅಲ್ಲಿ ತಮ್ಮನೊಬ್ಬ ಹೊಲದ ಪಕ್ಕ ಎರಡು ಖೋಲಿ ಬಿಟ್ಟುಕೊಟ್ಟ. ತಾಯಿ ಮಗ ಇಬ್ಬರೂ ಸಾಮಾನು ಟಂಟಮ್ಮಿಗೇ ಹೇರಿಕೊಂಡು ಹೊರಟುಹೋದರು. ಹೇಳಿ ಹೋಗಲು ದವಾಖಾನೆಗೆ ಬಂದಿದ್ದರಂತೆ. ಆ ದಿನ ನನಗೆ ರಜೆ ಇತ್ತು. ಬೇರೆ ಗಾಡಿಗಳಲ್ಲಿ ಕುಳಿತು ಕೆಲಸಕ್ಕೆ ಹೋಗುವುದು ರೂಢಿಯಾಗಲು ನನಗೆ ಬಹಳ ದಿನ ಹಿಡಿಯಿತು.

ಹೋದ ಚಳಿಗಾಲದಲ್ಲಿ ತರಬೇತಿಯೊಂದಕ್ಕೆ ಸೇಡಮ್ಮಿಗೆ ಹೋಗಿದ್ದೆ. ಮರಳುವಾಗ ಬಸ್ ಸ್ಟ್ಯಾಂಡಿನ ಹೊರಗೆ, “ಕುರಕುಂಟಾ, ಕುರಕುಂಟಾ,” ಎಂಬ ಗೊಗ್ಗರು ದನಿ ಕೇಳಿ ನಿಂತೆ. ನನ್ನನ್ನು ಕಂಡವನೇ ಗಾಡಿಯಿಂದ ಹಾರಿ ಬಂದು ಚೀಲ ಕಸಿದುಕೊಂಡ. ಮುಖ ತುಂಬಿಕೊಂಡಿತ್ತು. ಚಹಾ ಕುಡಿದೆವು. ತಾಯಿ ಈಗ ಎರಡು ಎಮ್ಮೆ ಕಟ್ಟಿಕೊಂಡು ಊರಿಗೆಲ್ಲ ಮಜ್ಜಿಗೆ ಹಂಚುತ್ತಾಳೆ ಎಂದ. ಅಪೀಲು ಇನ್ನೂ ನಡೆದಿದೆ, ಕರೆದಾಗಲೆಲ್ಲ ಕಲಬುರಗಿಗೆ ಹೋಗಿ ನಿಂತು ಬರುತ್ತೇನೆ ಎಂದ. ಆ ಹುಡುಗರು ಹೊರಗೇ ಇದ್ದಾರೆ.

ನನಗೆ ತಡೆಯಲಾಗಲಿಲ್ಲ. “ಸಾಬಣ್ಣ, ಖರೇ ಹೇಳು. ಅವತ್ತ ಸುಜಾತಾ ಮೇಡಂ ಹೇಳಿದಂಗ ಹೇಳಿದ್ರ ಆಗ್ತಿತ್ತು ಅಂತ ಎಂದರ ಅನಸ್ತದೇನು?”

ಅವನು ಕಪ್ಪನ್ನು ಕೈಯಲ್ಲಿ ತಿರುಗಿಸಿದ.

“ಅನಸ್ತದ ರೀ ಸಿಸ್ಟರಮ್ಮ. ಯಾಕ ಸುಳ್ಳ ಹೇಳ್ಲಿ. ಅವರು ನಕ್ಕೋತ ಎದುರಿಗಿ ಬಂದಾಗ ಭಾಳ ಅನಸ್ತದ. ಏಳು ವರ್ಷ ಒಳಗ ಹಾಕಸಬಹುದಿತ್ತು.” ಕಪ್ಪನ್ನು ಕೆಳಗಿಟ್ಟ. “ಆದ್ರ ಆ ಏಳು ವರ್ಷ ಅವರ ಜೋಡಿ ನಾನೂ ಒಳಗೇ ಇರ್ತಿದ್ದೆ.”

ಅಷ್ಟರಲ್ಲಿ ಚಿತ್ತಾಪುರದ ಬಸ್ಸು ಬಂತು. ಅವನೇ ಚೀಲ ಹಿಡಿದು ಮುಂದೆ ನುಗ್ಗಿ ನನಗೆ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟ. ಇಳಿಯುವಾಗ, “ನಮ್ಮವ್ವ ಕೇಳ್ತಾಳ ನಿಮಗ, ಒಮ್ಮಿ ಬರ್ರಿ ಊರಿಗಿ,” ಎಂದ. ಬರುತ್ತೇನೆ ಎಂದೆ. ಇನ್ನೂ ಹೋಗಲಾಗಿಲ್ಲ.

ಬಸ್ಸು ತಿರುಗುವಾಗ ಕಿಟಕಿಯಿಂದ ನೋಡಿದೆ. ಗಾಡಿ ತುಂಬಿತ್ತು, ಸಾಬಣ್ಣ ಅರ್ಧ ಸೀಟಿನ ಮೇಲೆ ಕುಳಿತಿದ್ದ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಒಂದು ದಾರಿ ಕಟ್ಟಿ ನಿಂತಿತ್ತು. ನಾನು ಅವನ ಬಾಯಲ್ಲಿ ಎಂದೂ ಕೇಳಿರದಷ್ಟು ದೊಡ್ಡ ದನಿಯಲ್ಲಿ, “ಏ ಮಾಮಾ, ಸರೀ ಆ ಕಡಿ, ಮಂದಿ ಮನಿಗಿ ಹೋಗ್ಬೇಕು!” ಎಂದು ಕೂಗಿದ. ಟ್ರ್ಯಾಕ್ಟರಿನವನು ಒಮ್ಮೆ ತಿರುಗಿ ನೋಡಿ, ದಾರಿ ಬಿಟ್ಟ.